ಕಲ್ಲುಹೂವಿನ ಕಷಾಯ ಕುಡಿದ್ರೆ ಮಂಡಿ ಊತ ಇಳಿಯುತ್ತಾ? ಸತ್ಯಾಂಶ

ಕಲ್ಲುಹೂವು ಕುದಿಸಿ ಕುಡೀರಿ, ಊತ ಇಳಿಯುತ್ತೆ, ವಿಜ್ಞಾನಿಗಳೇ ಹೇಳಿದಾರೆ ಅನ್ನೋ ಮೆಸೇಜ್ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಸುತ್ತುತ್ತಾನೇ ಇದೆ. ಕಳಿಸೋರ ಮನಸ್ಸು ಒಳ್ಳೇದೇ, ಆದ್ರೆ ವಿಷಯ ತಪ್ಪು.

ಬಿಸಿಬೇಳೆಬಾತ್ ಪುಡಿಗೆ ಹಾಕ್ತೀವಲ್ಲ, ಬೂದು-ಕಪ್ಪು ಬಣ್ಣದ ಸುರುಟಿದ ಚೂರು, ಅದೇ ಕಲ್ಲುಹೂವು, ಅಂದ್ರೆ ಲೈಕೆನ್, ಶಿಲೀಂಧ್ರ ಮತ್ತೆ ಪಾಚಿ ಕೂಡಿ ಬಾಳೋ ಜೀವಿ. ಲೈಕೆನ್‌ಗಳ ಒಳಗೆ ಇನ್ನೂ ಬೇರೆ ಶಿಲೀಂಧ್ರಗಳು ಸದ್ದಿಲ್ಲದೆ ವಾಸ ಮಾಡ್ತವೆ. ಸಂಶೋಧಕರು ಅವನ್ನ ಹೊರಗೆ ತೆಗೆದು ಲ್ಯಾಬಲ್ಲಿ ಬೆಳೆಸಿ ಒಂದೊಂದೇ ರಾಸಾಯನಿಕ ಬೇರ್ಪಡಿಸಿ ಇಲಿಯ ರೋಗನಿರೋಧಕ ಕೋಶಗಳ ಮೇಲೆ ಹಾಕಿ ಊತ-ಉರಿ ಆದಾಗ ಆ ಕೋಶಗಳು ಹೊರಬಿಡೋ ನೈಟ್ರಿಕ್ ಆಕ್ಸೈಡ್ ಅನ್ನೋ ವಸ್ತು ಕಮ್ಮಿ ಆಯ್ತಾ ಅಂತ ನೋಡ್ತಾರೆ. ಕೆಲವು ಕೆಲಸ ಮಾಡಿವೆ, ಅದು ನಿಜ. ಆದ್ರೆ ಮನೇಲಿ ಕುದಿಸಿದ ನೀರಲ್ಲಿ ಅದೇ ವಸ್ತು ಸಾಕಷ್ಟು ಇರುತ್ತೆ ಅನ್ನೋಕೆ ಆ ಪ್ರಯೋಗದಲ್ಲಿ ಏನೂ ಆಧಾರ ಇಲ್ಲ.

ಮರದಿಂದ ಕೆರೆದು ತಂದು ಕುಡಿಯೋದಂತೂ ದಯವಿಟ್ಟು ಬೇಡ. ಲೈಕೆನ್ ಗಾಳಿಯಲ್ಲಿರೋ ಸೀಸದಂಥ ಲೋಹಗಳನ್ನ ಹೀರಿಕೊಳ್ಳುತ್ತೆ, ನಮ್ಮ ಟ್ರಾಫಿಕ್ ಗೊತ್ತಲ್ಲ. ಕೆಲವು ಲೈಕೆನ್‌ಗಳಲ್ಲಿರೋ ಅಸ್ನಿಕ್ ಆಸಿಡ್ ಹಾಕಿದ ತೂಕ ಇಳಿಸೋ ಮಾತ್ರೆಗಳಿಂದ ಲಿವರ್ ಕೆಟ್ಟಿದ್ದೂ ದಾಖಲಾಗಿದೆ.

ಇಂಥ ಮೆಸೇಜ್ ಬಂದ್ರೆ ಮೂಲ ಪ್ರಬಂಧದ ಸಾರಾಂಶ ಹುಡುಕಿ, ಪ್ರಯೋಗ ಕೋಶದ ಮೇಲಾ, ಪ್ರಾಣಿ ಮೇಲಾ, ಮನುಷ್ಯರ ಮೇಲಾ, ಡೋಸ್ ಎಷ್ಟು ಅಂತ ನೋಡಿ. ಲಿಂಕೇ ಇಲ್ಲ ಅಂದ್ರೆ ಮುಂದೆ ಕಳಿಸ್ಬೇಡಿ. ಮಂಡಿ ಊತ ಇದ್ರೆ ಡಾಕ್ಟರಿಗೆ ತೋರಿಸಿ, ಕಲ್ಲುಹೂವು ಮಸಾಲೆಗೆ ಒಂದು ಚಿಟಿಕೆ ಇರಲಿ.