ಎಲ್ಲಾ ಪಕ್ಕದಲ್ಲೇ ಅಲ್ವಾ?

ಇರೋದು ಐದು ದಿನ ರಜೆ. ಮಾವನಿಗೆ ರಾಮೇಶ್ವರ, ಅತ್ತೆಗೆ ಮಧುರೈ ಮೀನಾಕ್ಷಿ, ಮಗಳಿಗೆ ಮುನ್ನಾರ್, ಯಜಮಾನರಿಗೆ ಅಲೆಪ್ಪಿಯ ದೋಣಿಮನೆ. ಮ್ಯಾಪ್‌ನಲ್ಲಿ ಎಲ್ಲಾ ಒಂದೇ ಗೇಣು! ಮುನ್ನಾರ್‌ಗೆ ರೈಲಿಲ್ಲ, ಘಾಟಿ ತಿರುವುಗಳಲ್ಲಿ ಅತ್ತೆಗೆ ವಾಂತಿ ಗ್ಯಾರಂಟಿ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಧ್ಯಾಹ್ನ ಮಧುರೈ ತಲುಪುವ ಹಾಗೆ ಲೆಕ್ಕ ಹಾಕಿದ್ದೆ. ಆ ಹೊತ್ತಿಗೆ ಗುಡಿ ಬಾಗಿಲು ಹಾಕಿರುತ್ತದಂತೆ. ಸರಿ, ಎಲ್ಲಾ ಮತ್ತೆ ಮೊದಲಿಂದ.

ರೈಲು ಬುಕಿಂಗ್ 60 ದಿನ ಮುಂಚೆ, ಬೆಳಿಗ್ಗೆ 8ಕ್ಕೆ ಶುರು. ಕಾಫಿನೂ ಕುಡಿಯದೆ ಕೂತೆ. ಆರು ಜನರ ಹೆಸರು, ವಯಸ್ಸು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಅದೇ ಹೊತ್ತಿಗೆ ಮೈದುನನ ಮೆಸೇಜ್: "ಅತ್ತಿಗೆ, ಹಂಗೇ ಕನ್ಯಾಕುಮಾರಿನೂ ಸೇರಿಸ್ಬಿಡಿ, ಪಕ್ಕದಲ್ಲೇ ಅಲ್ವಾ?"