ಒಗ್ಗರಣೆಗೆ ನಿರಾಕ್ಷೇಪಣಾ ಪತ್ರ

ಮುಂಬಯಿಯ ಬಹುಮಹಡಿ ಕಟ್ಟಡಗಳಲ್ಲಿ ಮನುಷ್ಯರ ಅಂತಸ್ತನ್ನು ಈಗ ಮೂಗು ನಿರ್ಧರಿಸುತ್ತದೆ. ಹೂಕೋಸಿನ ಮೇಲೆ ಬಿಳಿ ಸಾಸ್ ಸುರಿದು, ಚೀಸ್ ತುರಿದು, 180 ಡಿಗ್ರಿಯ ಓವನಿಗೆ ತಳ್ಳಿದರೆ ಲಿಫ್ಟಿನಲ್ಲಿ ಸಿಕ್ಕವರು ದೀರ್ಘವಾಗಿ ಉಸಿರೆಳೆದು ಪರಿಮಳವನ್ನು ಕೊಂಡಾಡುತ್ತಾರೆ. ಅದೇ ಹೂಕೋಸಿಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರೆ ಸಂಜೆಯೊಳಗೆ ನೋಟೀಸು. ಬೇಯುವಾಗ ಗಂಧಕದ ವಾಸನೆ ಬಿಡುವುದು ಹೂಕೋಸಿನ ಹುಟ್ಟುಗುಣ. ಓವನ್, ಬಾಣಲೆ ಎಂಬ ಭೇದಭಾವ ಅದಕ್ಕಿಲ್ಲ. ಭೇದಭಾವವೆಲ್ಲ ಕಟ್ಟಡದ ಹೌಸಿಂಗ್ ಸೊಸೈಟಿಯ ಕಮಿಟಿಗೆ ಸೇರಿದ್ದು.

ಮುಲುಂಡಿನ ನಮ್ಮ ಕಟ್ಟಡದ ಸೂಚನಾ ಫಲಕದಲ್ಲಿ ಹೀಗೊಂದು ಕಾಗದ ಅಂಟಿತು: 'ತೀವ್ರ ವಾಸನೆಯಿಂದ ಸದಸ್ಯರಿಗೆ ಉಪದ್ರವವಾಗುತ್ತಿರುವುದು ಗಮನಕ್ಕೆ ಬಂದಿದ್ದು, ಒಗ್ಗರಣೆಯನ್ನು ಬೆಳಗಿನ ಎಂಟು ಗಂಟೆಯೊಳಗೆ ಪೂರೈಸತಕ್ಕದ್ದು.' ಮಹಾರಾಷ್ಟ್ರದ ಸಹಕಾರಿ ಗೃಹ ಸಂಸ್ಥೆಗಳ ಮಾದರಿ ಉಪವಿಧಿಗಳಲ್ಲಿ, ಸದಸ್ಯನು ಇತರರಿಗೆ ಉಪದ್ರವ, ಕಿರಿಕಿರಿ, ಅನಾನುಕೂಲ ಉಂಟುಮಾಡಬಾರದು ಎಂಬ ಮಾತಿದೆ. ಡ್ರಿಲ್ಲಿನ ಸದ್ದಿಗೂ ಪಾರ್ಕಿಂಗ್ ಜಗಳಕ್ಕೂ ಬಳಸಿ ಬಳಸಿ ಸವೆದಿದ್ದ ಆ ಮಾತು ಈಗ ಇಂಗಿನ ಡಬ್ಬಿಯ ಮೇಲೆ ಬಂದು ಕುಳಿತಿದೆ. ಅಫ್ಘಾನಿಸ್ತಾನ, ಇರಾನ್‌ಗಳಿಂದ ಗಡಿ ದಾಟಿ ಬರುವ ಇಂಗು. ಅದನ್ನು ಇಲ್ಲಿಯೇ ಬೆಳೆಯಲೆಂದು 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಸಸಿ ನೆಟ್ಟರು. ಅಂಥ ಇಂಗಿಗೆ ಏಳನೇ ಮಹಡಿಯ ಲಾಬಿ ದಾಟಲು ಅನುಮತಿ ಇಲ್ಲ.

ವಾಸನೆ ಲಾಬಿಗೆ ಬಂದದ್ದಾದರೂ ಹೇಗೆ? ಬಿಲ್ಡರ್ ಮಹಾಶಯರು ಅಡುಗೆಮನೆಯ ಗೋಡೆಯನ್ನೇ ಕಿತ್ತು, ಓಪನ್ ಕಿಚನ್ ಎಂದು ಹೆಸರಿಟ್ಟು, ಕಿತ್ತ ಗೋಡೆಗೂ ಸೇರಿಸಿ ಬೆಲೆ ಹಚ್ಚಿದರು. ಕಿಟಕಿ ಡ್ರೈ ಬಾಲ್ಕನಿಯ ಪಾಲಾಯಿತು. ಅಲ್ಲಿ ವಾಷಿಂಗ್ ಮಷಿನ್ ವಾಯುವಿಹಾರ ಮಾಡುತ್ತಿದೆ. ಚಿಮಣಿಯ ಕೊಳವೆ ಇಕ್ಕಟ್ಟಾದ ಡಕ್ಟಿಗೆ ಬಾಯಿ ಬಿಟ್ಟು, ಕೆಳಗಿನವರ ಸಾರನ್ನು ಮೇಲಿನವರಿಗೆ ತಲುಪಿಸುತ್ತದೆ. ಗೋಡೆಯೊಳಗೆ ಕೂರಿಸಿಕೊಟ್ಟ ಓವನ್ ಮಾತ್ರ ಬಹಳ ಉಪಕಾರಿ. ಅರ್ಧದಷ್ಟು ಮನೆಗಳಲ್ಲಿ ಅದರೊಳಗೆ ಇಡ್ಲಿ ಪಾತ್ರೆ, ದೋಸೆ ಕಾವಲಿ, ಹಳೆಯ ಪ್ಲಾಸ್ಟಿಕ್ ಚೀಲಗಳು ಸುಖವಾಗಿವೆ.

ನೋಟೀಸು ಮೊದಲು ಬಂದದ್ದು ನಮ್ಮ ಎದುರುಮನೆಯ ಉಡುಪಿ ಕಡೆಯ ಅಕ್ಕನಿಗೆ. ಮಾಟುಂಗಾ ಮಾರ್ಕೆಟ್ಟಿನಿಂದ ಕೆಸುವಿನ ಎಲೆ, ನುಗ್ಗೆ, ತೆಂಗಿನಕಾಯಿ ಹೊತ್ತು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬರುವ ಹೆಂಗಸು ಒಂದು ಕಾಗದಕ್ಕೆ ಹೆದರುವವರಲ್ಲ. "ಮಾರಾಯರೇ, ಎಂಟು ಗಂಟೆಗೆ ಒಗ್ಗರಣೆ ಹಾಕಿ ರಾತ್ರಿ ಊಟಕ್ಕೆ ಕೂರಲಿಕ್ಕೆ ಇದೇನು ಉಪ್ಪಿನಕಾಯಿಯಾ?" ಎಂದರು. ಈಗ ಅವರು ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಓವನಿನಲ್ಲಿ ಎರಡು ಚೂರು ಬ್ರೆಡ್ಡಿಗೆ ಬೆಣ್ಣೆ, ಬೆಳ್ಳುಳ್ಳಿ ಸವರಿ ಇಡುತ್ತಾರೆ. ಆ ಮನೆಯಿಂದ ಬರುವ ಪರಿಮಳವನ್ನು ಸೆಕ್ರೆಟರಿಗಳೇ ಹೊಗಳಿದ್ದಾರೆ. ಬ್ರೆಡ್ಡನ್ನು ಯಾರು ತಿನ್ನುತ್ತಾರೆಂದು ನಾನು ವಿಚಾರಿಸಲು ಹೋಗಿಲ್ಲ.

ನಿಜವಾದ ಬಿಕ್ಕಟ್ಟು ಎದ್ದದ್ದು ಹಾಂಡ್ವೋ ವಿಷಯದಲ್ಲಿ. ಅಧ್ಯಕ್ಷರ ಮನೆಯ ಭಾನುವಾರದ ತಿಂಡಿ ಅದು: ಅಕ್ಕಿ ಬೇಳೆಯ ಹುಳಿಹಿಟ್ಟಿಗೆ ಸೋರೆಕಾಯಿ ತುರಿದು ಹಾಕಿ, ಮೇಲೆ ಸಾಸಿವೆ, ಎಳ್ಳು, ಇಂಗಿನ ಒಗ್ಗರಣೆ ಸುರಿದು ಓವನಿನಲ್ಲಿ ಬೇಯಿಸುವುದು. ಬೇಯುವ ಜಾಗ ನೋಡಿದರೆ ಪರಿಮಳ, ಇಂಗನ್ನು ನೋಡಿದರೆ ಉಪದ್ರವ. ವಾಸನಾ ಉಪಸಮಿತಿಯ ಸದಸ್ಯರು ಸ್ಥಳ ಪರಿಶೀಲನೆಗೆಂದು ಅಧ್ಯಕ್ಷರ ಮನೆಗೆ ಹೋಗಿ, ಸಾಕ್ಷ್ಯವನ್ನು ಹಸಿರು ಚಟ್ನಿಯೊಡನೆ ಪೂರ್ತಿ ನಾಶಪಡಿಸಿ, ಮರುದಿನ ತಿದ್ದುಪಡಿ ಹೊರಡಿಸಿದರು: 'ಒಗ್ಗರಣೆಯು ಓವನಿನೊಳಗೆ ಪ್ರವೇಶಿಸಿದಲ್ಲಿ ಅದನ್ನು ಒಗ್ಗರಣೆಯೆಂದು ಪರಿಗಣಿಸತಕ್ಕದ್ದಲ್ಲ.'

ಈ ತಿದ್ದುಪಡಿಗೆ ಮಂಜೂರಾತಿ ನೀಡಿದ ಸಭೆಯಲ್ಲಿ ಅಕ್ಕ ಎದ್ದು, ಹಾಗಾದರೆ ಪಲ್ಯದ ಬಾಣಲೆಯನ್ನೇ ಓವನಿನಲ್ಲಿಡಬಹುದೇ ಎಂದು ಕೇಳಿದರು. ಪ್ರಶ್ನೆಯನ್ನು ಕಾನೂನು ಸಲಹೆಗಾರರಿಗೆ ಕಳುಹಿಸಲಾಗಿದೆ. ಸಭೆಯ ಉಪಾಹಾರಕ್ಕೆ ಹತ್ತಿರದ ಉಡುಪಿ ಹೋಟೆಲಿನಿಂದ ಇಡ್ಲಿ, ವಡೆ ಬಂದಿತ್ತು. ಎರಡನೆಯ ಬಾರಿ ತರಿಸಿದ ಸಾಂಬಾರಿನ ಬಿಲ್ಲನ್ನು ಸೊಸೈಟಿಯ ನಿರ್ವಹಣಾ ವೆಚ್ಚಕ್ಕೆ ಸೇರಿಸಲು ಸಭೆ ಸರ್ವಾನುಮತದಿಂದ ಒಪ್ಪಿತು.