ನತಾಲಿ ರಮೊಂಡ ಸತ್ತು ಬದುಕುವ ಗಿಡವಲ್ಲ

ಸರ್ಬಿಯಾದ ನತಾಲಿ ರಮೊಂಡ ಗಿಡ ಸತ್ತ ಮೇಲೂ ನೀರು ಬಿದ್ದರೆ ಮತ್ತೆ ಹುಟ್ಟಿಬರುತ್ತದೆ, ಇದೇ ನಿಜವಾದ ಸಂಜೀವಿನಿ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಒಣಗಿದಾಗ ಆ ಗಿಡ ಸತ್ತಿರುವುದೇ ಇಲ್ಲ.

ಬರ ಬಿದ್ದಾಗ ಎಲೆಗಳು ಒಳಕ್ಕೆ ಸುರುಳಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವಷ್ಟು ಒಣಗುತ್ತವೆ. ಆದರೂ ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನ ಬಹುಪಾಲು ಒಳಗೇ ಉಳಿದಿರುತ್ತದೆ. ಜೀವಕೋಶಗಳಲ್ಲಿ ಸುಕ್ರೋಸ್ ಸಕ್ಕರೆ ಶೇಖರವಾಗಿ ಪೊರೆಗಳನ್ನು ಕಾಯುತ್ತದೆ, ಉಸಿರಾಟ ಬಹುತೇಕ ನಿಲ್ಲುತ್ತದೆ. ನೀರು ಸಿಕ್ಕೊಡನೆ ಎಲೆ ಬಿಚ್ಚಿಕೊಳ್ಳುತ್ತದೆ. 1928ರಲ್ಲಿ ಸಸ್ಯವಿಜ್ಞಾನಿ ಪಾವ್ಲೆ ಚೆರ್ನ್ಯಾವ್ಸ್ಕಿ ಅವರ ಕೈತಪ್ಪಿ ನೀರು ಚೆಲ್ಲಿ, ಒಣಗಿಸಿಟ್ಟಿದ್ದ ಮಾದರಿಯೊಂದು ಚಿಗುರಿತ್ತು. ಅದ್ಭುತವೇ ಸರಿ, ಆದರೆ ಪವಾಡವಲ್ಲ.

ಈ ಗಿಡವನ್ನು 1884ರಲ್ಲಿ ವಿವರಿಸಿದವರು ಸಸ್ಯವಿಜ್ಞಾನಿ ಯೋಸಿಫ್ ಪಾಂಚಿಚ್ ಮತ್ತು ರಾಜವೈದ್ಯ ಸಾವಾ ಪೆತ್ರೊವಿಚ್. ಹೆಸರು ಸರ್ಬಿಯಾದ ರಾಣಿ ನತಾಲಿಯಾಳದು. ಮನುಷ್ಯರ ಕಾಯಿಲೆಗೆ ಇದು ಮದ್ದೆಂಬುದಕ್ಕೆ ಆಧಾರವಿಲ್ಲ. ಅಪರೂಪದ ಈ ಬಂಡೆಗಿಡವನ್ನು ದಯವಿಟ್ಟು ಯಾರೂ ಕೀಳಬೇಡಿ.